ತಿಳಿ ಎಣ್ಣೆ

ಜನವರಿ 9

ಅಪ್ಪನಿಗೆ,

ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕೇಳಿಸುವುದಿಲ್ಲ. ಅಮ್ಮನ ಹತ್ತಿರ ಹೇಳಿದರೆ "ಚೆನ್ನಾಗಿದಾಳಂತೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಕೊನೆಗೂ ಒಪ್ಪಿಗೆ ಸಿಕ್ಕಿತು. ನಮ್ಮ ಲ್ಯಾಬಿನಲ್ಲಿ ಇಷ್ಟು ವರ್ಷದಿಂದ ಮಾಡುತ್ತಿರುವ ಬೀಜದ ಎಣ್ಣೆಯನ್ನು ಒಂದು ಟ್ರಾನ್ಸ್‌ಫಾರ್ಮರಿಗೆ ತುಂಬಿ, ವರ್ಷ ಪೂರ್ತಿ ಓಡಿಸಿ ನೋಡಲು ಕರೆಂಟ್ ಕಂಪನಿಯವರು ಒಪ್ಪಿದ್ದಾರೆ. ಕೊಟ್ಟಿರುವುದು ಒಂದೇ ಒಂದು. ಅದೂ ನಮ್ಮ ಲ್ಯಾಬ್ ನಡೆಸುವ ಮೇಡಮ್ ಎಷ್ಟು ಸಲ ಹೋಗಿ ಬಾಗಿಲಲ್ಲಿ ಕೂತು ಬಂದರೋ ಅವರಿಗೇ ಗೊತ್ತು. ಆ ಒಂದು ಯಾವುದು ಗೊತ್ತಾ? ನಿಮ್ಮ ಕರೆಂಟ್ ಸ್ಟೇಷನ್ನಿನದು. ಗೇಟಿನ ಪಕ್ಕ ಇದೆಯಲ್ಲ, ಯಾರ್ಡಿನ ದೀಪಗಳಿಗೂ ಕ್ವಾರ್ಟರ್ಸಿಗೂ ಕರೆಂಟು ಕೊಡುವ ಚಿಕ್ಕದು, ಅದೇ. ಬೇರೆ ಕಡೆ ಹಾಕಿದರೆ ಯಾರಾದರೂ ಕೈ ಹಾಕಿಯಾರು ಎಂದು ಮೇಡಮ್‌ಗೆ ಹೆದರಿಕೆ. ನಾನೇ ಹೇಳಿದೆ, "ಅಲ್ಲಿ ನಮ್ಮಪ್ಪ ಇದಾರೆ ಮೇಡಮ್. ಸೊಳ್ಳೆನೂ ಹತ್ರ ಬಿಡಲ್ಲ."

ಎಣ್ಣೆ ಸೂರ್ಯಕಾಂತಿ ಬೀಜದ್ದು. ಚೆನ್ನಾಗಿ ಶುದ್ಧ ಮಾಡಿ, ತೇವ ತೆಗೆದು, ಒಂದು ಪುಡಿ ಬೆರೆಸುತ್ತೇವೆ. ಪುಡಿ ಎಷ್ಟು ಸಣ್ಣದೆಂದರೆ ಅದರ ಒಂದೊಂದು ಕಣ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬೆರೆಸುವ ಯಂತ್ರ ಕಂಪನದಿಂದ ಬೆರೆಸುತ್ತದೆ, ಆ ಕಂಪನದ ಸದ್ದು ಮನುಷ್ಯರ ಕಿವಿಗೆ ಕೇಳಿಸುವುದೇ ಇಲ್ಲ. ಆ ಯಂತ್ರದ ಮುಂದೆ ನೀವೂ ನಾವೂ ಒಂದೇ. ಪುಡಿ ಸೇರಿದರೆ ಎಣ್ಣೆ ಹೆಚ್ಚು ವೋಲ್ಟೇಜು ತಡೆಯುತ್ತದೆ, ಬಿಸಿಯನ್ನೂ ಬೇಗ ಹೊರಗೆ ಹಾಕುತ್ತದೆ ಎಂದು ನಮ್ಮ ಲೆಕ್ಕ.

ಮುಖ್ಯವಾದದ್ದು ಇದು. ನೀವು ದಿನವೂ ಮುಟ್ಟುವ ಎಣ್ಣೆ ಹೊತ್ತಿಕೊಳ್ಳುವಷ್ಟಕ್ಕಿಂತ ಎರಡು ಪಟ್ಟು ಬಿಸಿಯಾದರೂ ಇದಕ್ಕೆ ಬೆಂಕಿ ಹಿಡಿಯುವುದಿಲ್ಲ. ಮಾರ್ಕೆಟ್ ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಒಡೆದು ಅಣ್ಣನ ಮೇಲೆ ಎಣ್ಣೆ ಸುರಿದಾಗ ಇದೇ ಎಣ್ಣೆ ಆಗಿದ್ದರೆ ಮೈ ಸುಡುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಈ ವರ್ಷ ಸರಿಯಾಗಿ ನಡೆದರೆ ಜನ ಓಡಾಡುವ ಬೀದಿಗಳಲ್ಲೆಲ್ಲ ಇದನ್ನೇ ಹಾಕುತ್ತೇವೆ ಎಂದು ಕಂಪನಿಯವರು ಹೇಳಿದ್ದಾರೆ. ಅಮ್ಮನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು.

ನಿಮ್ಮ ಮರಿ


ಜನವರಿ 27

ಮರೀ,

ಡ್ರಮ್ಮುಗಳು ಬಂದವು. ನಿನ್ನ ಮೇಡಮ್ ಕಳಿಸಿದ ಇಬ್ಬರು ಹುಡುಗರು ಹಳೆಯದನ್ನು ತೆಗೆದು, ಒಳಗೆಲ್ಲ ತೊಳೆದು, ನಿಮ್ಮದನ್ನು ತುಂಬಿಸಿ ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಡುಗೆಮನೆಯ ವಾಸನೆ ಬರುತ್ತಿತ್ತು. ಫ್ಯೂಸ್ ಗೊತ್ತಲ್ಲ, ಮಾತಿಗೆ ಮುಂಚೆ ಸಿಟ್ಟು ಬರುತ್ತದೆಂದು ಎಲ್ಲರೂ ಹಾಗೆ ಕರೆಯುವ ಆಪರೇಟರು, ಅವನು ಬಂದು ನನ್ನ ಕಿವಿಯ ಹತ್ತಿರ ಕೂಗಿದ, "ಮೇಸ್ತ್ರಿ, ಇದ್ರಲ್ಲಿ ಏನಾದ್ರೂ ಕರೀಬೌದಾ?" ನಾನು ಹೇಳಿದೆ, "ಕರೆಂಟನ್ನೇ ಕರೀಬೌದು, ಬೆರಳು ಅದ್ದಿ ನೋಡು." ಅವನಿಗೂ ನಗು ಬಂತು.

ಮೂವತ್ತು ವರ್ಷ ಎಣ್ಣೆ ಕೆಲಸ ಮಾಡಿದವನಿಗೆ ಮಗಳು ಎಣ್ಣೆ ಕಳಿಸಿದ್ದಾಳೆ ಎಂದು ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ಗೊತ್ತಾಗುವ ಹಾಗೆ ನಾನೇ ಮಾಡಿದ್ದೇನೆ ಅನ್ನು. ಬೆಳಿಗ್ಗೆ ಆದರೆ ಇವರದು ಒಂದೇ ಕೂಗು, "ಮೇಸ್ತ್ರಿ, ಎರಡನೇ ನಂಬರಿನ ಎಣ್ಣೆ ನೋಡ್ಕೊಳ್ಳಿ, ಐದನೇದು ನೋಡ್ಕೊಳ್ಳಿ." ನಾನು ಫಿಲ್ಟರ್ ಮಿಷನ್ ಎಳೆದುಕೊಂಡು ಹೋಗಿ ಪೈಪು ಸಿಕ್ಕಿಸುತ್ತೇನೆ, ಎಣ್ಣೆ ಸೋಸಿ ತಿಳಿ ಮಾಡುತ್ತೇನೆ. ನಮ್ಮಲ್ಲಿ ಎಣ್ಣೆ ನೋಡಿಕೊಳ್ಳುವುದು ಎಂದರೆ ಅಷ್ಟೇ. ಗೇಟಿನ ಪಕ್ಕದ್ದಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ. ಅದು ನಿನ್ನದು.

ನಿನ್ನ ಅಮ್ಮನಿಗೆ ಹೇಳಿದೆ. ತಟ್ಟೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಅಪ್ಪ


ಮಾರ್ಚ್ 14

ಅಪ್ಪಾ,

ಟ್ರಾನ್ಸ್‌ಫಾರ್ಮರಿನಿಂದ ಎಣ್ಣೆ ತೆಗೆದು ನೀವು ಕಳಿಸಿದ ಮೊದಲ ಬಾಟಲಿ ಪರೀಕ್ಷೆ ಮಾಡಿದೆವು. ಎಣ್ಣೆಯನ್ನು ಒಂದು ಬಟ್ಟಲಿಗೆ ಹಾಕಿ, ಅದರಲ್ಲಿ ಎರಡು ಹಿತ್ತಾಳೆ ಗುಂಡುಗಳನ್ನು ಎದುರೆದುರು ಇಟ್ಟು, ಕಿಡಿ ಹಾರುವವರೆಗೂ ವೋಲ್ಟೇಜು ಏರಿಸುತ್ತೇವೆ. ಹಾರಲೇ ಇಲ್ಲ, ಏರಿಸುತ್ತಲೇ ಹೋದೆವು. ಮೇಡಮ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ಕೊನೆಗೆ ಪಟ್ ಎಂದು ಹಾರಿತು, ಆಗ ಅವರು ಮೀಟರಿನ ಮುಳ್ಳನ್ನು ನೋಡಿ ನನ್ನ ಬೆನ್ನಿಗೆ ಒಂದು ಏಟು ಕೊಟ್ಟರು. ಅದು ಖುಷಿಯ ಏಟು. ಇನ್ನೂ ನೋಯುತ್ತಿದೆ.

ಈ ಬೇಸಿಗೆಗೆ ನಾನು ಬರಲು ಆಗುವುದಿಲ್ಲ. ಲ್ಯಾಬಿನಲ್ಲಿ ನಾವು ಮೂವರೇ, ಒಬ್ಬಳು ಹೆರಿಗೆಗೆ ಹೋಗಿದ್ದಾಳೆ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ. ನಿಮ್ಮ ಹಾಗೆ ನೇರವಾಗಿ ಹೇಳಬೇಡಿ.

ಮರಿ


ಏಪ್ರಿಲ್ 20

ಮರೀ,

ನೇರವಾಗಿಯೇ ಹೇಳಿದೆ. ನನಗೆ ಬೇರೆ ತರಹ ಬರುವುದಿಲ್ಲ. "ಬರದಿದ್ರೆ ಬಿಡ್ಲಿ, ಕೆಲಸ ಇರೋರು ಕೆಲಸ ಮಾಡ್ಬೇಕು" ಅಂದಳು. ಆಮೇಲೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ನನ್ನ ಕಿವಿಗೆ ಅದು ಗೊತ್ತಾಗಲೇ ಇಲ್ಲ, ಫ್ಯೂಸ್ ಬಂದು "ಮನೇಲಿ ಜಗಳವಂತೆ?" ಎಂದು ಕೂಗಿದ ಮೇಲೆ ಗೊತ್ತಾಯಿತು.

ಊಟ ಆದ ಮೇಲೆ ನಾನು ಹೋಗಿ ಗೇಟಿನ ಪಕ್ಕದ್ದಕ್ಕೆ ಅಂಗೈ ಇಟ್ಟು ಬರುತ್ತೇನೆ. ಬೇರೆಯವುಗಳಿಗಿಂತ ತಣ್ಣಗಿದೆ. ಸದ್ದು ಕೇಳಿಸದಿದ್ದರೂ ಅದರ ಗುಂಯ್ ಅನ್ನುವುದು ಕೈಗೆ ಸಿಗುತ್ತದೆ. ನಿನ್ನ ಅಣ್ಣ ಚಿಕ್ಕವನಿದ್ದಾಗ ಜ್ವರ ಬಂದರೆ ಹೀಗೇ ಹಣೆ ಮುಟ್ಟಿ ನೋಡುತ್ತಿದ್ದೆ. ಇರಲಿ.

ಎರಡನೇ ಬಾಟಲಿ ಕಳಿಸಿದ್ದೇನೆ.

ಅಪ್ಪ


ಜೂನ್ 22

ಅಪ್ಪಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಕಂಪನಿಯ ದೊಡ್ಡವರು ಬಂದು ನಮ್ಮ ಟ್ರಾನ್ಸ್‌ಫಾರ್ಮರ್ ನೋಡುತ್ತಾರಂತೆ. ವರ್ಷ ಮುಗಿಯುವವರೆಗೂ ಕಾಯುವುದಿಲ್ಲವಂತೆ. ಅಲ್ಲೇ ಎಣ್ಣೆ ತೆಗೆದು ಪರೀಕ್ಷೆ ಮಾಡಿ, ಬೀದಿಗಳಿಗೆ ಹಾಕುವುದೋ ಬೇಡವೋ ಅಂದೇ ಹೇಳುತ್ತಾರೆ. ಮೇಡಮ್‌ಗೆ ನಿದ್ದೆ ಇಲ್ಲ, ಅವರ ಕಾಟದಿಂದ ನಮಗೂ ಇಲ್ಲ.

ನನಗೆ ಬರಲು ಬಿಡುವಿಲ್ಲ. ನೀವಿದ್ದೀರಿ ಎನ್ನುವುದೊಂದೇ ಧೈರ್ಯ. ಅಲ್ಲಿಯವರೆಗೂ ಎಣ್ಣೆ ಚೆನ್ನಾಗಿ ನೋಡಿಕೊಳ್ಳಿ ಅಪ್ಪಾ.

ಮರಿ


ಜುಲೈ 18

ಮರೀ,

ಇದರ ಜೊತೆ ಕಳಿಸಿರುವ ಬಾಟಲಿಯನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡು. ನೋಡಿದೆಯಾ? ಈಗ ಓದು.

ಹೋದ ವಾರ ಬಾಟಲಿ ತುಂಬಲು ನಲ್ಲಿ ತಿರುಗಿಸಿದೆ. ಎಣ್ಣೆ ಮಬ್ಬಾಗಿತ್ತು. ಅಕ್ಕಿ ತೊಳೆದ ನೀರಿಗೆ ಇನ್ನಷ್ಟು ನೀರು ಸೇರಿಸಿದ ಹಾಗೆ. ಪುಡಿ ಕಣ್ಣಿಗೆ ಕಾಣುವುದಿಲ್ಲ ಎಂದು ನೀನೇ ಬರೆದಿದ್ದೆ, ಹಾಗಾದರೆ ಇದು ಪುಡಿ ಅಲ್ಲ. ಎಣ್ಣೆ ಮಬ್ಬಾದರೆ ನಮ್ಮಲ್ಲಿ ಒಂದೇ ಅರ್ಥ, ನೀರು ಸೇರಿದೆ. ಈ ಎಣ್ಣೆ ತೇವ ಬೇಗ ಕುಡಿಯುತ್ತದೆ ಎಂದು ತುಂಬಲು ಬಂದಿದ್ದ ಹುಡುಗರೂ ಹೇಳಿದ್ದರು. ಸೆಪ್ಟೆಂಬರಿನಲ್ಲಿ ದೊಡ್ಡವರು ಬಂದು ಇದನ್ನು ನೋಡಿದರೆ ನಿನ್ನ ಗತಿ ಏನು?

ಚಿಕ್ಕ ಇಂಜಿನಿಯರನ್ನು ಕೇಳಿದೆ. "ಮೇಸ್ತ್ರಿ, ಎಣ್ಣೆ ವಿಷಯ ನಿಮಗೇ ಗೊತ್ತಲ್ವಾ" ಎಂದು ಲೈನು ಬಂದ್ ಮಾಡಿಸಿಕೊಟ್ಟರು. ಕ್ವಾರ್ಟರ್ಸಿನವರು ಫ್ಯಾನಿಲ್ಲ ಎಂದು ನನಗೆ ಶಾಪ ಹಾಕಿದರು, ಹಾಕಲಿ.

ನಮ್ಮ ಮಿಷನ್ನಿನ ಕೊಳೆ ನಿನ್ನ ಎಣ್ಣೆಗೆ ತಾಗಬಾರದು ಎಂದು ಮೊದಲು ಮಿಷನ್ನನ್ನೇ ತೊಳೆದೆ. ಸೀಲು ಒಡೆಯದ ಹೊಸ ಡ್ರಮ್ಮು ತೆಗೆಸಿ, ಆ ಹೊಸ ಎಣ್ಣೆಯನ್ನು ಪೈಪು, ತೊಟ್ಟಿ ಎಲ್ಲದರಲ್ಲೂ ಮೂರು ಸಲ ಓಡಿಸಿದೆ. ನನ್ನ ಜನ್ಮದಲ್ಲಿ ಯಾವ ಟ್ರಾನ್ಸ್‌ಫಾರ್ಮರಿಗೂ ಇಷ್ಟು ಮಾಡಿರಲಿಲ್ಲ. ಹೊಸ ಕಾಗದದ ಫಿಲ್ಟರು ಹಾಕಿದೆ. ಅದರ ಮುಂದೆ ಸೋಸುವ ಮಣ್ಣು ತುಂಬಿದ ಡಬ್ಬವನ್ನೂ ಜೋಡಿಸಿದೆ. ಬೆಳಿಗ್ಗೆಯಿಂದ ಸಂಜೆಯವರೆಗೂ ಸುತ್ತಿ ಸುತ್ತಿ ಓಡಿಸಿದೆ. ಫ್ಯೂಸ್ ಊಟಕ್ಕೆ ಕರೆದರೂ ಹೋಗಲಿಲ್ಲ.

ಕಾಗದದ ಫಿಲ್ಟರು ತೆಗೆದಾಗ ಬಿಳಿಯ ಹಿಟ್ಟಿನಂಥದ್ದು ದಪ್ಪಕ್ಕೆ ಅಂಟಿತ್ತು. ನೋಡು, ಎಷ್ಟು ಕಸ ಇತ್ತು ಒಳಗೆ!

ಈಗ ಬಾಟಲಿಯ ಆಚೆ ಕಡೆ ಪೇಪರು ಹಿಡಿದರೆ ಅಕ್ಷರ ಓದಬಹುದು. ನೀನು ನೋಡಿಕೊಳ್ಳಿ ಅಂದೆ, ನೋಡಿಕೊಂಡಿದ್ದೇನೆ. ಇನ್ನು ನೆಮ್ಮದಿಯಾಗಿ ಮಲಗು. ನಿನ್ನ ಮೇಡಮ್‌ಗೂ ಹೇಳು.

ಅಪ್ಪ


ಆಗಸ್ಟ್ 9

ಅಪ್ಪಾ,

ಬಾಟಲಿ ಬಂತು. ಕಿಟಕಿಗೆ ಹಿಡಿದು ನೋಡಿದೆ. ತುಂಬ ತಿಳಿಯಾಗಿದೆ.

ತಡವಾಗಿ ಬರೆಯುತ್ತಿದ್ದೇನೆ, ಕೆಲಸ ಜಾಸ್ತಿ ಇತ್ತು. ಮಿಷನ್ ತೊಳೆದಿರಲ್ಲ, ಆ ಹೊಸ ಡ್ರಮ್ಮು ನೀವು ಯಾವಾಗಲೂ ಬಳಸುವ ಎಣ್ಣೆಯದೇ ಅಲ್ಲವೇ? ತೊಳೆದ ಮೇಲೆ ಪೈಪಿನಲ್ಲಿ, ತೊಟ್ಟಿಯಲ್ಲಿ ಎಷ್ಟು ಉಳಿದಿರಬಹುದು? ಸುಮ್ಮನೆ ಕೇಳುತ್ತಿದ್ದೇನೆ.

ಆ ಫಿಲ್ಟರಿನ ಕಾಗದ ಬಿಸಾಡಿದಿರಾ?

ಮಂಡಿ ನೋವು ಹೇಗಿದೆ?

ಮರಿ


ಆಗಸ್ಟ್ 17

ಮರೀ,

ನಮ್ಮ ಮಾಮೂಲಿ ಎಣ್ಣೆಯೇ, ಆದರೆ ಹೊಸದು, ಕನ್ನಡಿಯ ಹಾಗಿತ್ತು. ಮಿಷನ್ನನ್ನು ಪೂರ್ತಿ ಖಾಲಿ ಮಾಡಲು ಆಗುವುದಿಲ್ಲ, ತೊಟ್ಟಿಯ ತಳ ನಲ್ಲಿಗಿಂತ ಕೆಳಗಿದೆ. ಒಂದೆರಡು ಕೊಡ ಉಳಿದೇ ಉಳಿಯುತ್ತದೆ. ಅದು ಸೇರಿದರೆ ಏನು ತೊಂದರೆ, ಶುದ್ಧ ಎಣ್ಣೆ ತಾನೆ.

ಕಾಗದ ಅಂದೇ ಸುಟ್ಟುಬಿಟ್ಟೆ.

ನೀನು ಯಾವತ್ತೂ ನನ್ನ ಮಂಡಿ ಕೇಳಿದವಳಲ್ಲ. ಯಾಕೆ ಮರೀ? ನಾನೇನಾದರೂ ಹೆಚ್ಚು ಕಡಿಮೆ ಮಾಡಿದೆನಾ?

ಅಪ್ಪ


ಸೆಪ್ಟೆಂಬರ್ 12

ಅಪ್ಪಾ,

ನೀವು ಏನೂ ಮಾಡಿಲ್ಲ. ಮೇಡಮ್ ಕೂಡ ಹಾಗೇ ಹೇಳಿದರು.

ಕಂಪನಿಯವರು ಬಂದು ಹೋದದ್ದನ್ನು ನೀವೇ ಕಂಡಿರಿ. ಅವರ ಪರೀಕ್ಷೆಯಲ್ಲಿ ಎಣ್ಣೆ ನಿಲ್ಲಲಿಲ್ಲ. ಅದು ಮೊದಲೇ ಕೆಟ್ಟಿತ್ತು. ಬೀಜದ ಎಣ್ಣೆ, ಕೆಲವು ಸಲ ತಾನಾಗಿಯೇ ಕೆಡುತ್ತದೆ. ಯಾರು ಏನು ಮಾಡಿದ್ದರೂ ಹೀಗೇ ಆಗುತ್ತಿತ್ತು. ಇನ್ನು ಮುಂದಕ್ಕೆ ಬೇಡ ಎಂದು ಅವರು ಬರೆದು ಕಳಿಸಿದ್ದಾರೆ. ನಮ್ಮ ಕೋಣೆಗೆ ಬೀಗ ಹಾಕಿದರು. ನನ್ನನ್ನು ಪಕ್ಕದ ವಿಭಾಗಕ್ಕೆ ಹಾಕಿದ್ದಾರೆ, ಮಾಮೂಲಿ ಎಣ್ಣೆ ಪರೀಕ್ಷೆ ಮಾಡುವ ಕಡೆ. ಕೆಲಸ ಹಗುರ, ಐದಕ್ಕೆಲ್ಲ ಮನೆಗೆ ಹೋಗಬಹುದು.

ಇಲ್ಲಿ ಮಳೆ ನಿಂತಿಲ್ಲ, ಚಳಿ ಇದೆ.

ಮರಿ


ಸೆಪ್ಟೆಂಬರ್ 30

ಮರೀ,

ಚಿಕ್ಕ ಇಂಜಿನಿಯರ ಹತ್ತಿರ ಹೋಗಿ, ನಿಜ ಹೇಳಿ ಎಂದು ಕೂತೆ. ಅವರು ಏನೋ ಹೇಳಿದರು, ಕೇಳಿಸಲಿಲ್ಲ. ಕೂಗಿದರು, ಆಗಲೂ ಕೇಳಿಸಲಿಲ್ಲ. ಕೂಗುವ ಮಾತೂ ಅಲ್ಲ ಅದು. ಕೊನೆಗೆ ಒಂದು ಚೀಟಿಯ ಹಿಂದೆ ಬರೆದುಕೊಟ್ಟರು. ಮಬ್ಬಾಗಿದ್ದದ್ದು ಪುಡಿಯಿಂದಲೇ ಅಂತೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ಕಾಣುವ ಹಾಗಾಗಿದ್ದವಂತೆ. ನಾನು ಅದನ್ನೇ ಸೋಸಿ ತೆಗೆದೆ. ಮಿಷನ್ನಿನಲ್ಲಿ ಉಳಿದಿದ್ದ ನಮ್ಮ ಎಣ್ಣೆ ನಿನ್ನ ಎಣ್ಣೆಗೆ ಸೇರಿತು. ಈಗ ಅದಕ್ಕೂ ಸುಲಭವಾಗಿ ಬೆಂಕಿ ಹಿಡಿಯುತ್ತದೆ.

ಆ ಬಿಳಿ ಹಿಟ್ಟನ್ನು ನಾನು ಕಸ ಎಂದೆ.

ನೀನು ಎಣ್ಣೆ ನೋಡಿಕೊಳ್ಳಿ ಎಂದು ಬರೆದದ್ದನ್ನು ಮತ್ತೆ ಓದಿದೆ. ಕಣ್ಣಿಟ್ಟಿರಿ ಎಂದು ನಿನ್ನ ಅರ್ಥ. ನನಗೆ ಅದು ಮಿಷನ್ ತಗೊಂಡು ಬನ್ನಿ ಎಂದು ಕೇಳಿಸಿತು. ಕಿವಿ ಹೋದವನಿಗೆ ಓದುವುದರಲ್ಲೂ ಹಾಗೇ ಕೇಳಿಸುತ್ತದೆ ಎಂದು ಕಾಣುತ್ತದೆ.

ಸೋಮವಾರ ಅದನ್ನು ಖಾಲಿ ಮಾಡಿ ಮಾಮೂಲಿ ಎಣ್ಣೆ ತುಂಬಬೇಕೆಂದು ಆರ್ಡರು ಬಂತು. ಬೇರೆಯವರನ್ನು ಹಾಕಿ ಎಂದೆ. ಬೇರೆ ಯಾರೂ ಇಲ್ಲವಂತೆ. ನಾನೇ ತುಂಬಿದೆ.

ಅಪ್ಪ


ಅಕ್ಟೋಬರ್ 11

ಅಪ್ಪಾ,

ಇಂಜಿನಿಯರು ಪೂರ್ತಿ ತಿಳಿಯದೆ ಬರೆದಿದ್ದಾರೆ. ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ಆದದ್ದು ಆಯಿತು.

ಅಮ್ಮನಿಗೆ ಒಂದು ಸ್ವೆಟರ್ ಕಳಿಸಿದ್ದೇನೆ. ಬಣ್ಣ ಹಿಡಿಸದಿದ್ದರೆ ನೀವು ಹಾಕಿಕೊಳ್ಳಿ.

ಮರಿ


ನವೆಂಬರ್ 2

ಮಗಳಿಗೆ ಅಮ್ಮ ಬರೆಯುವುದು.

ನಾನು ಕಾಗದ ಬರೆದು ಎಷ್ಟೋ ಕಾಲವಾಯಿತು. ತಪ್ಪಿದ್ದರೆ ನಗಬೇಡ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ಅಳು ಬಂದುಬಿಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ವೆಟರ್ ಬಂತು. ಚೆನ್ನಾಗಿದೆ, ಸ್ವಲ್ಪ ಬಿಗಿ.

ನಿಮ್ಮಪ್ಪ ಸರಿಯಾಗಿ ಉಣ್ಣುತ್ತಿಲ್ಲ. ತಟ್ಟೆ ಮುಂದೆ ಕೂರುತ್ತಾರೆ, ಕಲಸುತ್ತಾರೆ, ಕೈ ತೊಳೆಯುತ್ತಾರೆ. ನಾನು ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಫ್ಯೂಸ್ ಮನೆಗೆ ಬಂದು, "ಏನ್ರೀ ಮೇಸ್ತ್ರಿ, ಒಂದು ಡಬ್ಬ ಎಣ್ಣೆಗೆ ಪ್ರಾಣ ಬಿಡ್ತೀರಾ?" ಎಂದು ಬೈದು ಹೋದ. ಅವನ ಬೈಗುಳ ಇವರಿಗೆ ನಾಟುವುದಿಲ್ಲ. ದಿನಾ ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ. ನಿನ್ನ ಕಾಗದ ಬಂದರೆ ಓದುತ್ತಾರೆ. ಓದಿ, ಮತ್ತೆ ಮೊದಲಿನಿಂದ ಓದುತ್ತಾರೆ. ಆಮೇಲೆ ಮುಖ ಇನ್ನೂ ಸಣ್ಣದಾಗುತ್ತದೆ. ಏನಿದೆ ಅದರಲ್ಲಿ ಎಂದು ನಾನೂ ಕದ್ದು ಓದಿದೆ. ಏನೂ ಇಲ್ಲ. ಚಳಿ, ಮಂಡಿ, ಸ್ವೆಟರ್.

ಒಂದು ಮಾತು ಹೇಳುತ್ತೇನೆ. ನಿನ್ನ ಅಣ್ಣನನ್ನು ಲೈನ್ ಕೆಲಸಕ್ಕೆ ಸೇರಿಸಿದ್ದು ಇವರೇ. ಅವನು ಹೋದ ದಿನ ನಾನು ಇವರನ್ನು ಒಂದು ಮಾತೂ ಅನ್ನಲಿಲ್ಲ. ನೊಂದಿದ್ದಾರೆ, ಇನ್ನೇಕೆ ನೋಯಿಸಲಿ ಎಂದುಕೊಂಡೆ. ನೀನೂ ಅನ್ನಲಿಲ್ಲ. ಬಂದವರೆಲ್ಲ "ನಿಮ್ಮದೇನೂ ತಪ್ಪಿಲ್ಲ ಮೇಸ್ತ್ರಿ" ಎಂದು ಭುಜ ತಟ್ಟಿ ಹೋದರು. ಒಬ್ಬರಾದರೂ ಬೈದಿದ್ದರೆ ಅವರು ಅತ್ತುಬಿಡುತ್ತಿದ್ದರು. ಇಲ್ಲಿಯವರೆಗೂ ಅತ್ತಿಲ್ಲ. ಆ ತಪ್ಪನ್ನು ನಾನು ಮಾಡಿದೆ, ನೀನು ಮತ್ತೆ ಮಾಡಬೇಡ.

ನೀನು ಅವರನ್ನು ಬೈ. ಬಾಯಲ್ಲಿ ಬೈದರೆ ಕೇಳಿಸುವುದಿಲ್ಲ, ಬರೆದು ಬೈ. ನಾಟಕ ಮಾಡಬೇಡ, ಅವರಿಗೆ ಗೊತ್ತಾಗುತ್ತದೆ.

ಅಮ್ಮ


ನವೆಂಬರ್ 19

ಅಪ್ಪಾ,

ಯಾಕೆ ಕೇಳಲಿಲ್ಲ?

ಒಂದು ಕಾರ್ಡು ಬರೆಯಬಹುದಿತ್ತು. ಅಮ್ಮನ ಕೈಯಲ್ಲಿ ಫೋನು ಮಾಡಿಸಬಹುದಿತ್ತು. ಮಬ್ಬಾಗಿದೆ, ಏನು ಮಾಡಲಿ ಎಂದು ಎರಡು ಮಾತು. ಇಂಜಿನಿಯರನ್ನು ಕೇಳಿದಿರಿ, ನನ್ನನ್ನು ಯಾಕೆ ಕೇಳಲಿಲ್ಲ? ಅದು ನನ್ನ ಎಣ್ಣೆ ಎಂದು ಊರಿಗೆಲ್ಲ ಹೇಳಿದಿರಿ, ಅದಕ್ಕೆ ಪೈಪು ಸಿಕ್ಕಿಸುವಾಗ ಅದು ನಿಮ್ಮದಾಯಿತು. ಎಣ್ಣೆ ಎಂದರೆ ಎಲ್ಲಾ ಗೊತ್ತು ನಿಮಗೆ. ಗೊತ್ತಿಲ್ಲದ ಒಂದು ಎಣ್ಣೆ ಜಗತ್ತಿನಲ್ಲಿ ಇರಬಹುದು, ಅದನ್ನು ನಿಮ್ಮ ಮಗಳೇ ಮಾಡಿರಬಹುದು ಎಂದು ನಿಮಗೆ ಅನ್ನಿಸಲೇ ಇಲ್ಲ.

ನಾನು ನಿಮಗೆ ಸುಳ್ಳು ಬರೆದೆ. ಎಣ್ಣೆ ತಾನಾಗಿ ಕೆಟ್ಟದ್ದಲ್ಲ. ಮಬ್ಬಾದದ್ದು ಒಳ್ಳೆಯ ಲಕ್ಷಣವಂತೂ ಅಲ್ಲ. ಪುಡಿ ಮುದ್ದೆಯಾಗಿ ತಳಕ್ಕೆ ಕೂರಲು ಹೊರಟಿತ್ತೋ, ಅಷ್ಟಕ್ಕೇ ನಿಲ್ಲುತ್ತಿತ್ತೋ ಎಂದು ಮೇಡಮ್‌ಗೂ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕೆಲಸ ತಪ್ಪಾಗಿತ್ತು ಎಂದಾದರೂ ತಿಳಿದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆವು. ನೀವು ಅದನ್ನೂ ಸೋಸಿಬಿಟ್ಟಿರಿ. ಮೇಡಮ್ ಈಗ ಪಾಠ ಹೇಳಲು ಹೋಗಿದ್ದಾರೆ. ದಾರಿಯಲ್ಲಿ ಸಿಕ್ಕರೆ ನನ್ನ ಕಡೆ ನೋಡುವುದಿಲ್ಲ. ನಿಮ್ಮನ್ನು ನಂಬಿ ಎಂದು ಹೇಳಿದವಳು ನಾನು.

ಮತ್ತೆ ಅಣ್ಣ. ಅಣ್ಣನನ್ನೂ ನೀವು ಕೇಳಲಿಲ್ಲ. ಕಂಬ ಹತ್ತುವಾಗ ಅವನಿಗೆ ಕಾಲು ನಡುಗುತ್ತಿತ್ತು. ನನಗೆ ಹೇಳಿದ್ದ, ಅಪ್ಪನಿಗೆ ಹೇಳಬೇಡ ಎಂದಿದ್ದ. ನಿಮಗೆ ಹೇಳಿದರೆ "ನಾಲ್ಕು ದಿನ ಹತ್ತು, ಸರಿ ಹೋಗುತ್ತೆ" ಎನ್ನುತ್ತಿದ್ದಿರಿ, ಅದು ಅವನಿಗೆ ಗೊತ್ತಿತ್ತು. ಕಟ್ಟಡದ ಬಣ್ಣದ ಕೆಲಸಕ್ಕೆ ಹೋಗಬೇಕೆಂದು ಅವನಿಗೆ ಆಸೆ ಇತ್ತು. ಅದು ನಿಮಗೆ ಗೊತ್ತಾ? ಗೊತ್ತಿಲ್ಲ.

ಮೊನ್ನೆ ಇಲ್ಲಿ ಇನ್ನೊಂದು ಊರಿನಿಂದ ಎಣ್ಣೆ ಬಂತು, ಒಡೆದ ಟ್ರಾನ್ಸ್‌ಫಾರ್ಮರಿನಲ್ಲಿ ಉಳಿದದ್ದು. ಕಪ್ಪಗಿತ್ತು, ಸುಟ್ಟ ವಾಸನೆ. ಪಕ್ಕದಲ್ಲಿ ಯಾರಾದರೂ ಇದ್ದರಾ ಎಂದು ಕೇಳಿದೆ. ತಂದವನು ಅದು ನಮ್ಮ ಕೆಲಸವಲ್ಲ ಎಂದ. ಬಟ್ಟಲಿಗೆ ಹಾಕಿ ಪರೀಕ್ಷೆ ಮಾಡಿದೆ. ದಿನವೂ ಇದನ್ನೇ ಮಾಡುತ್ತೇನೆ, ಮುಂದೆಯೂ ಇದನ್ನೇ ಮಾಡುತ್ತೇನೆ.

ನಿಮ್ಮ ಮೇಲೆ ನನಗೆ ತುಂಬಾ ಸಿಟ್ಟಿದೆ ಅಪ್ಪಾ. ಇದು ಬೇಗ ಇಳಿಯುವ ಸಿಟ್ಟಲ್ಲ. ಬರೆದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಇದರಿಂದ ಯಾವುದೂ ಸರಿ ಹೋಗುವುದಿಲ್ಲ ಎಂದು ಗೊತ್ತಿದ್ದೇ ಬೈದಿದ್ದೇನೆ.

ಇನ್ನು ಎದ್ದು ಹೋಗಿ ಊಟ ಮಾಡಿ.

ಮರಿ